ಮಾನ್ವಿ ಅತ್ತಿಗೆ ಕಳಿಸಿದ ಪಟ್ಟಿಗೆ ಉತ್ತರ

ಅತ್ತಿಗೆ, ನಮಸ್ಕಾರ. ಗುಂಪಿನಲ್ಲಿರುವ ಎಲ್ಲರಿಗೂ ನಮಸ್ಕಾರ. ಅಕ್ಷರ ಒತ್ತುತ್ತಾ ಕುಳಿತರೆ ಅಂಗಡಿ ಮುಚ್ಚುವ ಹೊತ್ತಾಗುತ್ತದೆ, ಆದ್ದರಿಂದ ಬಾಯಲ್ಲೇ ಹೇಳುತ್ತೇನೆ. ಸ್ವಲ್ಪ ಉದ್ದವಾಗಬಹುದು, ರೊಟ್ಟಿ ಬಡಿಯುತ್ತಾ ಕೇಳಿ.

ಬೆಳಿಗ್ಗೆ ನೀವು ಹಾಕಿದ ಪಟ್ಟಿ ನೋಡಿದೆ. ಬ್ರಷ್ ಮೂರು ತಿಂಗಳು, ಚಪ್ಪಲಿ ಆರು ತಿಂಗಳು, ಟವೆಲ್ ಒಂದು ವರ್ಷ, ತಲೆದಿಂಬು ಎರಡು ವರ್ಷ, ಆಮೇಲೆ ಎಲ್ಲವೂ ಕಸದ ಬುಟ್ಟಿಗೆ. ಅದರ ಕೆಳಗೆ ಲಿಂಗಸುಗೂರು ಕಾಕಾ, “ಹಾಗಾದರೆ ನನ್ನನ್ನೂ ಎಸೆದುಬಿಡಿ, ನನಗೆ 72” ಎಂದು ಬರೆದಿದ್ದಾರೆ. ಓದಿ ನಗು ಬಂತು. ಆದರೆ ಕಾಕಾ, ನಿಮ್ಮ ವಿಷಯ ಕೊನೆಗೆ ಬರುತ್ತದೆ, ಫೋನು ಕೆಳಗಿಡಬೇಡಿ.

ತಲೆದಿಂಬು ಎಸೆಯಿರಿ ಎಂದು ಬರೆದವರು ರಾಯಚೂರಿನ ಬಿಸಿಲು ಕಂಡವರಲ್ಲ. ಹಾಸಿಗೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ನುಸಿಗೆ ಬದುಕಲು ಗಾಳಿಯಲ್ಲಿ ತೇವ ಬೇಕು. ಅವ್ವ ಹಳೆಯ ಸೀರೆ ಸೇರಿಸಿ ಹೊಲಿದ ಕೌದಿಯನ್ನು ಮಾಳಿಗೆಯ ಮೇಲೆ ಹರವಿ, ಮಧ್ಯಾಹ್ನ ಮಗುಚಿ, ಸಂಜೆ ಕೋಲಿನಿಂದ ಬಡಿದು ಒಳಗೆ ತರುತ್ತಿದ್ದಳು. ಅದು ಸುಮ್ಮನೆ ಮಾಡುತ್ತಿದ್ದ ಕೆಲಸವಲ್ಲ. ದಿಂಬು ಗಂಟು ಕಟ್ಟಿದ್ದರೆ ಹತ್ತಿ ಹಿಂಜಿಸಿ ಹೊಸ ಗವಸಿಗೆ ತುಂಬಿಸಿ. ಹತ್ತಿಯ ಊರಲ್ಲಿದ್ದುಕೊಂಡು ದಿಂಬು ಎಸೆದರೆ ಅಜ್ಜಿ ಕನಸಿನಲ್ಲಿ ಬಂದು ಬೈದಾಳು.

ಬ್ರಷ್ ವಿಷಯದಲ್ಲಿ ಪಟ್ಟಿ ಹೇಳಿದ್ದು ಸರಿ. ಮೂರು, ಹೆಚ್ಚೆಂದರೆ ನಾಲ್ಕು ತಿಂಗಳು. ಅದರ ಎಳೆಗಳು ಜೋಳದ ಕೂಳೆಯ ಹಾಗೆ ಅತ್ತಿತ್ತ ವಾಲಿದ್ದರೆ ಅಷ್ಟು ದಿನವೂ ಕಾಯಬೇಡಿ, ಬಾಗಿದ ಎಳೆ ಹಲ್ಲಿನ ಸಂದಿಗೆ ಇಳಿಯುವುದಿಲ್ಲ. ಅಜ್ಜನಿಗೆ ಈ ತಾಪತ್ರಯವೇ ಇರಲಿಲ್ಲ, ಬೇವಿನ ಕಡ್ಡಿಯನ್ನು ಬೆಳಿಗ್ಗೆ ಮುರಿದು ಬೆಳಿಗ್ಗೆಯೇ ಎಸೆಯುತ್ತಿದ್ದ. ಪಾತ್ರೆ ತಿಕ್ಕುವ ಸ್ಪಂಜು ಒಂದೆರಡು ವಾರಕ್ಕಿಂತ ಹೆಚ್ಚು ಬೇಡ, ವಾಸನೆ ಬಂದರೆ ಆ ದಿನವೇ ತೆಗೆಯಿರಿ. ಒಲೆಯ ಕಟ್ಟೆ ಒರೆಸಿದ ಬಟ್ಟೆಯಲ್ಲೇ ತಟ್ಟೆ ಒರೆಸುವವರು ನಮ್ಮಲ್ಲಿ ಯಾರು ಎಂದು ನಾನು ಹೇಳುವುದಿಲ್ಲ.

ಆ ಪಟ್ಟಿಯಲ್ಲಿ ಇಲ್ಲದ ವಸ್ತುಗಳ ಬಗ್ಗೆ ನನಗೆ ಹೆಚ್ಚು ಚಿಂತೆ. ಬ್ರಷ್ ಸವೆದರೆ ಕಣ್ಣಿಗೆ ಕಾಣುತ್ತದೆ, ಕೆಲವು ಕೆಟ್ಟರೂ ಹೊಸದರಂತೆಯೇ ಕಾಣುತ್ತವೆ. ಅಪ್ಪನಿಗೆ ಕಣ್ಣಿನ ಪೊರೆ ತೆಗೆಸಿದ್ದು ಎಲ್ಲರಿಗೂ ಗೊತ್ತು. ಅದಾಗಿ ಐದು ತಿಂಗಳಿಗೆ ಕಣ್ಣು ತುರಿಸಿತೆಂದು ಗೂಡಿನಲ್ಲಿದ್ದ ಹಳೆಯ ಬಾಟಲಿಯಿಂದಲೇ ಹನಿ ಹಾಕಿಕೊಂಡರು. ನಾನು ಬೇಡವೆಂದರೆ, “ಓದು, ಇನ್ನೂ ಒಂದು ವರ್ಷ ಅವಧಿ ಇದೆ” ಎಂದು ಬಾಟಲಿಯನ್ನು ನನ್ನ ಮೂಗಿನ ಮುಂದೆ ಹಿಡಿದರು. ಮೂರನೆಯ ದಿನ ಕಣ್ಣು ಕೆಂಡವಾಗಿತ್ತು. ಅಚ್ಚು ಹಾಕಿದ ಆ ದಿನಾಂಕ ಮುಚ್ಚಳ ಒಡೆಯದ ಬಾಟಲಿಗೆ ಮಾತ್ರ. ಒಡೆದ ಮೇಲೆ ಸಾಮಾನ್ಯವಾಗಿ ಒಂದು ತಿಂಗಳು, ಅದನ್ನೂ ಅಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಇಪ್ಪತ್ತು ವರ್ಷ ಔಷಧ ಮಾರಿದವನ ಮನೆಯಲ್ಲೇ ಹೀಗಾಯಿತು, ಯಾರಿಗೆ ಹೇಳಲಿ! ಅಂದಿನಿಂದ ಕಣ್ಣಿನ ಹನಿ ಕೊಳ್ಳುವವರಿಗೆ, ಒಡೆದ ದಿನವನ್ನು ಬಾಟಲಿಯ ಮೇಲೆ ಬರೆಯಿರಿ ಎಂದು ಹೇಳದೆ ಕಳಿಸುವುದಿಲ್ಲ. ಮಕ್ಕಳಿಗೆ ಪುಡಿಗೆ ನೀರು ಬೆರೆಸಿ ಕೊಡುವ ಔಷಧವೂ ಹೀಗೆಯೇ. ಬೆರೆಸಿದ ಮೇಲೆ ಸಾಮಾನ್ಯವಾಗಿ ಏಳು ದಿನ, ಕೆಲವಕ್ಕೆ ಇನ್ನಷ್ಟು, ಚೀಟಿ ಓದಿ. ಉಳಿದದ್ದನ್ನು ಮುಂದಿನ ಜ್ವರಕ್ಕೆಂದು ಎತ್ತಿಡಬೇಡಿ.

ಇನ್ನೊಂದು ಮಾತು. ಎಷ್ಟೋ ಔಷಧದ ಪೊಟ್ಟಣಗಳ ಮೇಲೆ 30 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ಇಡಿ ಎಂದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ನೆರಳಿನಲ್ಲೇ 40 ದಾಟುತ್ತದೆ. ಸ್ಕೂಟರಿನ ಡಿಕ್ಕಿಯಲ್ಲಿ ಇಡೀ ಬೇಸಿಗೆ ಬೆಂದ ಮಾತ್ರೆಯ ಅವಧಿಯನ್ನು ನಂಬುವುದು ಹೇಗೆ? ಸಿಂಧನೂರಿನ ಅಕ್ಕ, ನೀವು ಬಳಸುತ್ತಿರುವ ಇನ್ಸುಲಿನ್ ಬಾಟಲಿಯನ್ನು ಕಿಟಕಿಯಲ್ಲಿ ಇಡಬೇಡಿ. ಹೆಚ್ಚಿನ ಬಗೆಯವು ತೆರೆದ ಮೇಲೆ ನಾಲ್ಕು ವಾರ ಬರುತ್ತವೆ, ಅದೂ ತಣ್ಣಗಿದ್ದರೆ. ಕರೆಂಟು ಕೈಕೊಟ್ಟ ದಿನ ಮಣ್ಣಿನ ಗಡಿಗೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಇನ್ನೊಂದು ಸಣ್ಣ ಗಡಿಗೆ ಇಟ್ಟು, ಬಾಟಲಿಗೆ ನೀರು ತಾಗದಂತೆ ಡಬ್ಬಿಯಲ್ಲಿ ಹಾಕಿಡಿ.

ನೀರಿನ ಫಿಲ್ಟರ್ ಬಗ್ಗೆ ಕಾಲುವೆ ನೀರು ಕುಡಿಯುವವರಿಗಿಂತ ಬೋರ್‌ವೆಲ್ ನೀರಿನವರಿಗೆ ಹೇಳುತ್ತಿದ್ದೇನೆ. ನಮ್ಮ ಜಿಲ್ಲೆಯ ಎಷ್ಟೋ ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ. ಆರ್‌ಒ ಯಂತ್ರದ ಒಳಗಿನ ಪೊರೆ ಅದನ್ನು ತಡೆಯುತ್ತದೆ. ಆ ಪೊರೆ ಸೋತರೂ ನೀರು ತಿಳಿಯಾಗಿಯೇ ಬರುತ್ತದೆ. ಆದ್ದರಿಂದ ಲೋಟ ನೋಡಿ ತೀರ್ಮಾನಿಸಬೇಡಿ, ಸರ್ವೀಸಿನ ಹುಡುಗ ಬಂದಾಗ ನೀರಿನಲ್ಲಿ ಕರಗಿದ ಲವಣ ಅಳೆಯುವ ಮೀಟರ್ ಹಿಡಿಸಿ ಅಂಕಿಯನ್ನು ಯಂತ್ರದ ಪಕ್ಕದ ಗೋಡೆಯ ಮೇಲೆ ಬರೆದಿಡಿ. ಅಂಕಿ ಏರುತ್ತಾ ಹೋದರೆ ಪೊರೆ ಬದಲಿಸುವ ಕಾಲ ಬಂತೆಂದು ತಿಳಿಯಿರಿ.

ಅತ್ತಿಗೆ, ನಿಮ್ಮ ಅಡುಗೆಮನೆಯ ಗ್ಯಾಸ್ ಪೈಪಿಗೆ ಚೆಂದಕ್ಕೆಂದು ಹೂವಿನ ಬಟ್ಟೆಯ ಕವಚ ಹೊಲಿದು ಹಾಕಿದ್ದೀರಿ. ಇವತ್ತೇ ಬಿಚ್ಚಿ. ಇಲಿ ಕಚ್ಚಿದರೂ ಬಿರುಕು ಬಿಟ್ಟರೂ ಕಾಣುವುದಿಲ್ಲ. ಕಿತ್ತಳೆ ಬಣ್ಣದ ಆ ಪೈಪಿನ ಮೈಮೇಲೆ ದಿನಾಂಕ ಅಚ್ಚಾಗಿರುತ್ತದೆ, ಐದು ವರ್ಷಕ್ಕೆ ಬದಲಿಸಬೇಕು.

ಈಗ ಕಾಕಾ. ಹೋದ ತಿಂಗಳು ಬಂದಾಗ ನೀವು ಬಾಗಿಲ ಬಳಿ ಬಿಟ್ಟ ಚಪ್ಪಲಿಯನ್ನು ನನ್ನ ಮಗಳು ಆಟವಾಡುತ್ತಾ ಮಗುಚಿದಳು. ಹಿಮ್ಮಡಿಯ ಕಡೆ ಅಟ್ಟೆ ಹಪ್ಪಳದಷ್ಟು ತೆಳುವಾಗಿತ್ತು. ಅದರಲ್ಲಿ ಬಳ್ಳಾರಿ ಜಾಲಿಯ ಮೂರು ಮುಳ್ಳು ಮುರಿದು ಕುಳಿತಿದ್ದವು. ಒಂದರ ತುದಿ ಮೇಲೆ ಎದ್ದು, ಪಾದ ಊರುವ ಜಾಗದಲ್ಲಿ ಒಣಗಿದ ರಕ್ತದ ಕಲೆ ಇತ್ತು. ಕೇಳಿದರೆ, “ಮುಳ್ಳೇ? ನನಗೇನೂ ಚುಚ್ಚಲಿಲ್ಲವಲ್ಲ” ಎಂದಿರಿ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆ ಪಾದದ ನರಗಳ ಅರಿವನ್ನು ತಿಂದಿದೆ. ಇಂಥ ಪಾದದಲ್ಲಿ ಸಣ್ಣ ಗಾಯ ಕೀವಾಗಿ ಎಲುಬಿಗೆ ಇಳಿದು ಬೆರಳು ತೆಗೆಸಿದವರನ್ನು ನಾನು ಅಂಗಡಿಯಲ್ಲಿ ಕುಳಿತು ನೋಡಿದ್ದೇನೆ. ಚಪ್ಪಲಿ ಇನ್ನೂ ಗಟ್ಟಿಯಾಗಿದೆ ಎಂದು ದಯವಿಟ್ಟು ವಾದಿಸಬೇಡಿ. ಮೆಟ್ಟುವ ಮೊದಲು ಒಳಗೆ ಕೈಯಾಡಿಸಿ, ರಾತ್ರಿ ಮಲಗುವಾಗ ಕಾಕುವಿನಿಂದ ಪಾದ ನೋಡಿಸಿಕೊಳ್ಳಿ.

ನಿಮಗೆ ಎಂಸಿಆರ್ ಎನ್ನುವ ಮೆತ್ತನೆಯ ರಬ್ಬರಿನ ಚಪ್ಪಲಿ ತರಿಸುತ್ತೇನೆ, ಹಿಂದೆ ಪಟ್ಟಿ ಇರುವಂಥದ್ದು. ಸಂಜೆ, ಹಗಲೆಲ್ಲ ಓಡಾಡಿದ ಮೇಲೆ ಪಾದ ಸ್ವಲ್ಪ ಉಬ್ಬಿರುತ್ತದೆ. ಆಗ ಕಾಗದದ ಮೇಲೆ ನಿಂತು ಸುತ್ತಲೂ ಪೆನ್ಸಿಲ್ಲಿನ ಗೆರೆ ಎಳೆಸಿ, ಎರಡೂ ಪಾದದ್ದು. ಫೋಟೊ ಬೇಡ, ಅಳತೆ ತಪ್ಪುತ್ತದೆ. ಸೋಮವಾರ ಬಸ್ಸಿಗೆ ಬರುವ ಅಳಿಯನ ಕೈಯಲ್ಲಿ ಕಾಗದವನ್ನೇ ಕಳಿಸಿ. ಗಿರಾಕಿ ಬಂದರು, ಇಡುತ್ತೇನೆ.