ಪದಚರ್ಚೆ: ‘ಜಾರಿಗೆ ಬಂದ’ ಕಾನೂನನ್ನು ಕಡಲಲ್ಲಿ ‘ಜಾರಿ ಮಾಡುವುದು’

ಗೆಳೆಯರಿಗೆ ನಮಸ್ಕಾರ.

ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶ ಪಲೌ ತನ್ನ ಕಡಲಿನ ಮೀನನ್ನು ಹೇಗೆ ಕಾಯುತ್ತಿದೆ ಎಂಬುದನ್ನು ಕುರಿತು ಪ್ರೌಢಶಾಲೆಯ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. (ಅನ್ನದ ಪಲಾವಿನೊಡನೆ ಬೆರೆತುಹೋಗದಿರಲಿ ಎಂದು ಪಲೌ ಎಂದೇ ಬರೆಯುತ್ತೇನೆ.) ಸರಿಯಾದ ಪದ ಸಿಗದೆ ಕೆಲವೆಡೆ ಬರವಣಿಗೆ ನಿಂತಿದೆ. ಹೆಚ್ಚು ಕಾಡುತ್ತಿರುವುದು ಅಪರೂಪದ ಪದವೇನಲ್ಲ, ಪತ್ರಿಕೆಯ ಪುಟಪುಟದಲ್ಲೂ ಕಾಣುವ ‘ಜಾರಿ’.

ಪಲೌ 2015ರಲ್ಲಿ ರಾಷ್ಟ್ರೀಯ ಕಡಲಧಾಮದ ಕಾನೂನನ್ನು ಅಂಗೀಕರಿಸಿತು. 2020ರ ಜನವರಿ 1ರಂದು ಅದು ಪೂರ್ಣವಾಗಿ ಜಾರಿಗೆ ಬಂದಿತು. ದೇಶದ ಹಕ್ಕಿಗೆ ಸೇರಿದ ಕಡಲು ಸುಮಾರು 6 ಲಕ್ಷ ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರರಷ್ಟು ನೀರು. ಅದರಲ್ಲಿ ಶೇ 80ರಷ್ಟು ಭಾಗದಲ್ಲಿ ಮೀನು ಹಿಡಿಯುವಂತಿಲ್ಲ ಎಂದು ಕಾನೂನು ಹೇಳಿತು. ಆ ದೇಶದ ಜನಸಂಖ್ಯೆಯಾದರೋ 18 ಸಾವಿರದ ಆಸುಪಾಸು. ಆಸ್ಟ್ರೇಲಿಯಾ 1996ರಲ್ಲಿ ಕೊಟ್ಟ ‘ರೆಮೆಲಿಕ್’ ಎಂಬ ಒಂದೇ ಗಸ್ತು ಹಡಗು ಬಹುಕಾಲ ಅಷ್ಟೂ ಕಡಲನ್ನು ನೋಡಿಕೊಂಡಿತು.

ಕಾನೂನು ‘ಜಾರಿಗೆ ಬಂದದ್ದು’ ಒಂದು ದಿನಾಂಕದಂದು ಮುಗಿದ ಸಂಗತಿ. ಅದನ್ನು ‘ಜಾರಿ ಮಾಡುವುದು’ ಪ್ರತಿದಿನದ ಕೆಲಸ. ಅದಕ್ಕೆ ಇಂಧನ ಬೇಕು, ಸಿಬ್ಬಂದಿ ಬೇಕು, ಹಿಡಿದು ತಂದವರ ಮೇಲೆ ಮೊಕದ್ದಮೆ ನಡೆಸುವ ನ್ಯಾಯಾಲಯ ಬೇಕು. ಈ ಎರಡಕ್ಕೂ ನಾವು ಒಂದೇ ಮಾತು ಬಳಸುತ್ತೇವೆ. ‘ನಿಯಮ ಇನ್ನೂ ಜಾರಿಯಾಗಿಲ್ಲ’ ಎಂದು ಓದಿದರೆ, ಅಧಿಸೂಚನೆ ಹೊರಟಿಲ್ಲವೋ, ಹೊರಟರೂ ಯಾರೂ ಪಾಲಿಸುತ್ತಿಲ್ಲವೋ? ಸಮನ್ಸ್ ಜಾರಿ, ನೋಟಿಸ್ ಜಾರಿ ಎಂಬ ಬಳಕೆಗಳು ಬೇರೆ ಇವೆ. ದೊಡ್ಡವರು ಸಂದರ್ಭ ನೋಡಿ ಅರ್ಥ ಮಾಡಿಕೊಂಡಾರು. ಹದಿಮೂರರ ಹುಡುಗಿಗೆ ಇವೆರಡರ ನಡುವಿನ ಅಂತರವೇ ನಾನು ಹೇಳಹೊರಟ ವಿಷಯ.

ಒಂದು ಉದಾಹರಣೆ ಕೊಡುತ್ತೇನೆ. ಕಡಲಧಾಮದ ಕಾನೂನು ಬರುವುದಕ್ಕೂ ಕೆಲವು ತಿಂಗಳು ಮೊದಲು, 2015ರ ಜೂನ್‌ನಲ್ಲಿ, ಕಳ್ಳತನದಿಂದ ಮೀನು ಹಿಡಿಯುತ್ತಿದ್ದ ವಿಯೆಟ್ನಾಂನ ನಾಲ್ಕು ಮರದ ದೋಣಿಗಳನ್ನು ಪಲೌ ಸರ್ಕಾರ ಸುಟ್ಟುಹಾಕಿತು. ದೋಣಿಗಳಲ್ಲಿ ಕಡಲಸೌತೆ (ಸೌತೆಕಾಯಿಯಾಕಾರದ ಕಡಲಜೀವಿ), ಹವಳದಿಬ್ಬದ ಮೀನು ತುಂಬಿದ್ದವು. ದಂಡ ಕಟ್ಟಿ ಅದೇ ದೋಣಿಯಲ್ಲಿ ಮರಳಿ ಬರುವ ದಾರಿ ಮುಚ್ಚಬೇಕು ಎಂಬುದು ಸರ್ಕಾರದ ಉದ್ದೇಶವಾಗಿತ್ತು. ಇದನ್ನು ‘ಕಾನೂನು ಜಾರಿ’ ಎಂದು ಬರೆದರೆ ತೀರಾ ಸಪ್ಪೆ. ‘ಕಾನೂನು ಪಾಲನೆ’ ಎಂದರೆ ಪಾಲಿಸುವವನ ಕೆಲಸವಾಗುತ್ತದೆ, ಪಾಲಿಸುವಂತೆ ಮಾಡುವವನದಲ್ಲ. ‘ಪಾಲನೆ ಮಾಡಿಸುವುದು’ ಅರ್ಥಕ್ಕೆ ಹತ್ತಿರವಿದೆ, ಆದರೆ ನಾಮಪದವಾಗಿ ನಿಲ್ಲುವುದಿಲ್ಲ. ಸದ್ಯಕ್ಕೆ ‘ಜಾರಿಯಲ್ಲಿಡು’ ಎಂದು ಬರೆದಿದ್ದೇನೆ: ಕಾನೂನು ಜಾರಿಗೆ ಬರುತ್ತದೆ, ಅದನ್ನು ಜಾರಿಯಲ್ಲಿಡಬೇಕು. ಇದು ನಿಮ್ಮ ಕಿವಿಗೆ ಹೊಂದುತ್ತದೆಯೇ?

ಇನ್ನು ನಿಗಾ, ಕಾವಲು, ಮೇಲ್ವಿಚಾರಣೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1981ರಲ್ಲೇ ಮೀನುಗಾರಿಕೆಯ ಮಟ್ಟಿಗೆ ಮೂರು ಕೆಲಸಗಳನ್ನು ಬೇರ್ಪಡಿಸಿ ವಿವರಿಸಿದೆ. ಎಷ್ಟು ದೋಣಿ ಎಷ್ಟು ಮೀನು ಹಿಡಿಯುತ್ತಿವೆ ಎಂದು ಅಳೆಯುವುದು ಒಂದು, ಯಾವ ಷರತ್ತಿನ ಮೇಲೆ ಹಿಡಿಯಬಹುದೆಂದು ಗೊತ್ತುಮಾಡುವುದು ಇನ್ನೊಂದು, ಆ ಷರತ್ತು ಮುರಿಯದಂತೆ ಕಣ್ಣಿಡುವುದು ಮತ್ತೊಂದು. ಕನ್ನಡದಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ‘ಮೇಲ್ವಿಚಾರಣೆ’ ಎಂದುಬಿಡುತ್ತಾರೆ. ಅದು ಕೂಲಿಯಾಳುಗಳ ಹಿಂದೆ ನಿಂತು ಕೆಲಸ ಮಾಡಿಸುವವನ ಪದ, ಇಲ್ಲಿಗೆ ಒಗ್ಗದು. ಅಳೆಯುವುದಕ್ಕೆ ‘ನಿಗಾ’, ಕಣ್ಣಿಡುವುದಕ್ಕೆ ‘ಕಾವಲು’ ಎಂದು ಹಂಚಿಕೊಂಡಿದ್ದೇನೆ. ಟ್ಯೂನಾ (ನಮ್ಮ ಕರಾವಳಿಯ ಕೇದರ) ಹಿಡಿಯುವ ಹಡಗಿನಲ್ಲೇ ಕುಳಿತು ಬಲೆಗೆ ಬಿದ್ದದ್ದನ್ನೆಲ್ಲ ಬರೆದುಕೊಳ್ಳುವ ವೀಕ್ಷಕನದು ನಿಗಾ. ಹಡಗಿನ ಉಪಕರಣ ಉಪಗ್ರಹದ ಮೂಲಕ ಕಳಿಸುವ ಸ್ಥಾನಸೂಚನೆಯನ್ನು ನೋಡುತ್ತ, ಗೆರೆ ದಾಟಿದವರ ಕಡೆಗೆ ಗಸ್ತು ಹಡಗನ್ನು ಕಳಿಸುವುದು ಕಾವಲು. ಪಲೌಗೆ ಸೇರಿದ ಹೆಲೆನ್ ಹವಳದಿಬ್ಬ ಮುಖ್ಯ ದ್ವೀಪಗಳಿಂದ 500 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ಅಲ್ಲಿನ ಮರಳತಿಟ್ಟಿನ ಮೇಲೆ ಬೀಡುಬಿಟ್ಟಿರುವವರನ್ನು ‘ಕಾವಲುಗಾರರು’ ಎಂದರೆ ಬೇರೇನೂ ವಿವರಿಸಬೇಕಾಗಿಲ್ಲ. ಹುಲ್ಲುಗಾವಲಿಗೂ ‘ಕಾವಲು’ ಎನ್ನುತ್ತೇವಲ್ಲ, ಅಮೃತಮಹಲ್ ಕಾವಲಿನಂತೆ. ಕಾದಿಟ್ಟ ಜಾಗ ಎಂಬ ಆ ಛಾಯೆ ಕಡಲಧಾಮಕ್ಕೆ ಒಪ್ಪುತ್ತದೆ ಎಂದೇ ನನ್ನ ಭಾವನೆ.

ದೇಶದ ಹಕ್ಕಿಗೆ ಸೇರಿದ, ದಡದಿಂದ 200 ನಾಟಿಕಲ್ ಮೈಲಿವರೆಗಿನ ಕಡಲಿಗೆ ಕೆಲವರು ‘ವಿಶೇಷ ಆರ್ಥಿಕ ವಲಯ’ ಎಂದು ಬರೆಯುತ್ತಾರೆ. ದಯವಿಟ್ಟು ಬೇಡ, ಅದು ಕೈಗಾರಿಕೆಗಳಿಗೆ ತೆರಿಗೆ ವಿನಾಯಿತಿ ಕೊಡುವ ಪ್ರದೇಶದ ಹೆಸರು. ‘ಅನನ್ಯ ಆರ್ಥಿಕ ವಲಯ’ ತಪ್ಪಲ್ಲ, ಆದರೆ ಮಕ್ಕಳಿಗೆ ‘ಹಕ್ಕಿನ ಕಡಲು’ ಸಾಕು.

ಕೊನೆಯದು ಪಲೌ ಭಾಷೆಯದೇ ಪದ: ಬುಲ್. ಮೀನು ಮೊಟ್ಟೆಯಿಡುವ ಕಾಲ ಬಂದಾಗ ಊರಿನ ಹಿರಿಯ ಮುಖಂಡರು ಇಂಥ ಹವಳದಿಬ್ಬಕ್ಕೆ ಯಾರೂ ಬಲೆ ಹಾಕಕೂಡದೆಂದು ವಿಧಿಸುವ ತಡೆ ಅದು. ಕಡಲಧಾಮವನ್ನು ಆಗಿನ ಅಧ್ಯಕ್ಷ ಟಾಮಿ ರೆಮೆಂಗೆಸೌ ಈ ಪದ್ಧತಿಯ ಮುಂದುವರಿಕೆಯೆಂದೇ ಜನರ ಮುಂದಿಟ್ಟರು. ಆದ್ದರಿಂದ ಈ ಪದವನ್ನು ಬಿಡುವಂತಿಲ್ಲ. ತೊಡಕೇನೆಂದರೆ ಮಲ್ಪೆ, ಮಂಗಳೂರಿನ ಓದುಗರಿಗೆ ‘ಬುಲ್’ ಎಂದೊಡನೆ ನೆನಪಾಗುವುದು ಬುಲ್ ಟ್ರಾಲ್, ಎರಡು ದೋಣಿಗಳು ಒಂದೇ ಬಲೆಯನ್ನು ಎಳೆದು ತಳ ಬಾಚುವ ಕ್ರಮ. ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದ್ದು ಅದನ್ನೇ. ಅಲ್ಲಿ ತಡೆಯ ಹೆಸರು, ಇಲ್ಲಿ ತಡೆಯಲ್ಪಟ್ಟದ್ದರ ಹೆಸರು!

‘ನಿಷೇಧ’ ಎಂದರೆ ಸರ್ಕಾರದ ಆಜ್ಞೆಯಾಗುತ್ತದೆ, ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಇರುವಂಥದ್ದು. ಬುಲ್ ಊರಿನೊಳಗಿಂದ ಹುಟ್ಟಿದ್ದು, ಮುರಿದವನಿಗೆ ದಂಡಕ್ಕಿಂತ ಊರವರೆದುರು ಮಾನ ಹೋಗುವ ಭಯ ಹೆಚ್ಚು. ಶಿಶಿಲದ ಕಪಿಲಾ ನದಿಯಲ್ಲಿ ದೇವರ ಮೀನನ್ನು ಯಾರೂ ಹಿಡಿಯುವುದಿಲ್ಲ, ಕೊಡಗಿನ ದೇವರಕಾಡಿನಲ್ಲಿ ಕೊಡಲಿ ಎತ್ತುವುದಿಲ್ಲ. ಆದರೆ ಅವು ಜಾಗದ, ಜೀವಿಯ ಹೆಸರುಗಳು, ತಡೆಯ ಹೆಸರಲ್ಲ. ನನಗೆ ಹೊಳೆದದ್ದು ‘ಕಟ್ಟು’, ಕಟ್ಟುಕಟ್ಟಳೆಯ ಕಟ್ಟು: ‘ಹಿರಿಯರು ದಿಬ್ಬಕ್ಕೆ ಕಟ್ಟು ಹಾಕಿದರು’. ಒಂಟಿಯಾಗಿ ನಿಂತರೆ ಸೌದೆಯ ಕಟ್ಟು ಎಂದು ಓದಿಕೊಂಡಾರೇ ಎಂಬ ಅಳುಕಿದೆ.

ಗಂಗೊಳ್ಳಿ, ತದಡಿ, ಮಲ್ಪೆಯ ಮೊಗವೀರರ, ಖಾರ್ವಿಗಳ ಮಾತು ಬಲ್ಲವರು ದಯವಿಟ್ಟು ತಿಳಿಸಿ. ರಂಪಣಿ ಬಲೆಯ (ಹಲವರು ಸೇರಿ ದಡಕ್ಕೆ ಎಳೆಯುತ್ತಿದ್ದ ದೊಡ್ಡ ಬಲೆ) ಕಾಲದಲ್ಲಿ, ಸರ್ಕಾರ ಹೇಳದೆಯೂ ಊರೇ ಸೇರಿ ‘ಇಷ್ಟು ದಿನ ಕಡಲಿಗೆ ಇಳಿಯುವಂತಿಲ್ಲ’ ಎಂದು ತೀರ್ಮಾನಿಸಿದರೆ ಅದನ್ನು ಏನೆಂದು ಕರೆಯುತ್ತಿದ್ದರು? ತುಳು, ಕೊಂಕಣಿ, ಕುಂದಗನ್ನಡ ಯಾವುದರ ಪದವಾದರೂ ಸರಿ, ಅರ್ಥದೊಂದಿಗೆ ಒಂದು ಬಳಕೆಯ ವಾಕ್ಯವನ್ನೂ ಬರೆದರೆ ಉಪಕಾರವಾಗುತ್ತದೆ.