ಕಂಟೇನರ್ ಬಂದರಿನ ಪರಿಸರ ವರದಿ: ಆಕ್ಷೇಪಣೆ ಯಾವಾಗ, ಹೇಗೆ?

ಪ್ರಶ್ನೆ:
ಸರ್, ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ವಾಢವಣ್ ಕಂಟೇನರ್ ಬಂದರಿಗೆ 2024ರ ಜನವರಿ 19ರಂದು ಸಾರ್ವಜನಿಕ ಅಹವಾಲು ಸಭೆ ಆಯಿತು. ಫೆಬ್ರವರಿ 16ಕ್ಕೆ ಕೇಂದ್ರದ ಪರಿಸರ ಅನುಮತಿಯೂ ಬಂತು. ನಡುವೆ ಬರೀ 28 ದಿನ. ಹೀಗಾದರೆ ಸಭೆಗೆ ಹೋಗಿ ಮಾತಾಡಿದ್ದಕ್ಕೆ ಏನು ಬೆಲೆ? ನಮ್ಮ ಅಂಕೋಲಾದ ಕೇಣಿಯಲ್ಲೂ ಬಂದರಿನ ಪ್ರಸ್ತಾವ ಇರುವುದರಿಂದ ಕೇಳುತ್ತಿದ್ದೇನೆ.

ಉತ್ತರ (ಪರಿಸರ ಸಲಹೆಗಾರರು):
ಸಭೆ ಸೇರುವ ಹೊತ್ತಿಗೆ ಕಡತ ಮುಕ್ಕಾಲು ದಾರಿ ಸವೆಸಿರುತ್ತದೆ. ವಾಢವಣ್ ಇರುವ ಡಹಾಣೂ ತಾಲ್ಲೂಕು 1991ರಿಂದ ಪರಿಸರ ಸೂಕ್ಷ್ಮ ಪ್ರದೇಶ. ಸುಪ್ರೀಂ ಕೋರ್ಟ್ ಸೂಚನೆಯಂತೆ 1996ರಲ್ಲಿ ರಚನೆಯಾದ ಡಹಾಣೂ ಪರಿಸರ ಸಂರಕ್ಷಣಾ ಪ್ರಾಧಿಕಾರವು 1998ರಲ್ಲಿ ಅಲ್ಲಿ ಬಂದರು ಬೇಡ ಎಂದಿತ್ತು. ಅದೇ ಪ್ರಾಧಿಕಾರ 2023ರ ಜುಲೈ 31ರಂದು ಷರತ್ತು ಹಾಕಿ ಒಪ್ಪಿತು. ನಿಜವಾದ ಹಣಾಹಣಿ ನಡೆದದ್ದು ಅಲ್ಲಿ.

ವರ್ಷಕ್ಕೆ 50 ಲಕ್ಷ ಟನ್ ಅಥವಾ ಅದಕ್ಕೂ ಹೆಚ್ಚು ಸರಕು ನಿಭಾಯಿಸುವ ಬಂದರು 2006ರ ಇಐಎ (ಪರಿಸರ ಪರಿಣಾಮ ಅಧ್ಯಯನ) ಅಧಿಸೂಚನೆಯಲ್ಲಿ ‘ಎ’ ವರ್ಗ, ತೀರ್ಮಾನ ದೆಹಲಿಯದು. ಮೊದಲ ಹಂತ ಟಿಒಆರ್, ಅಂದರೆ ಯಾವ ಯಾವ ಅಧ್ಯಯನ ಮಾಡಬೇಕೆಂಬ ಪಟ್ಟಿ. ಅರ್ಜಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಕಾಣುತ್ತದೆ. ಆಮೆ ಮೊಟ್ಟೆಯಿಡುವ ದಂಡೆ, ಬಳಚು (ಚಿಪ್ಪುಮೀನು) ತೆಗೆಯುವ ಅಳಿವೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಇರುವ ಜಾಗ, ಇವನ್ನು ಅಧ್ಯಯನಕ್ಕೆ ಸೇರಿಸಿ ಎಂದು ಸಚಿವಾಲಯದ ತಜ್ಞರ ಸಮಿತಿಯ ಸದಸ್ಯ ಕಾರ್ಯದರ್ಶಿಗೆ ಪತ್ರ ಬರೆಯಬೇಕಾದ ಕಾಲ ಇದೇ. ಇಲ್ಲಿ ತಪ್ಪಿಹೋದದ್ದನ್ನು ಸಭೆಯಲ್ಲಿ ಕೇಳಿದರೆ ‘ಅದು ಟಿಒಆರ್‌ನಲ್ಲಿ ಇಲ್ಲ’ ಎಂಬ ಒಂದು ಸಾಲಿನ ಉತ್ತರ ಸಿಗುತ್ತದೆ.

ಇನ್ನು ಸಭೆ. ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಕರಡು ವರದಿ ಮತ್ತು ಕನ್ನಡ ಸಾರಾಂಶ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ನೋಡಲು ಸಿಗಬೇಕು. ಕೋರಂ ಎಂಬುದೇ ಇಲ್ಲ, ಆದ್ದರಿಂದ ಬಹಿಷ್ಕಾರ ಹಾಕಿದರೆ ಸಭೆ ನಿಲ್ಲುವುದಿಲ್ಲ, ನಿಮ್ಮ ಮಾತಷ್ಟೇ ದಾಖಲೆಯಿಂದ ಬಿಟ್ಟುಹೋಗುತ್ತದೆ. ಬರಲಾಗದವರು ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತವಾಗಿ ಕಳಿಸಬಹುದು. ಒಂದು ಅಂಶಕ್ಕೆ ಒಂದು ಸಂಖ್ಯೆ ಹಾಕಿ, ವರದಿಯ ಪುಟ ಬರೆದು, ಸ್ವೀಕೃತಿ ಮೊಹರು ತೆಗೆದುಕೊಳ್ಳಿ. ಕೊನೆಗೆ ನಡಾವಳಿಯನ್ನು ಅಲ್ಲೇ ಕನ್ನಡದಲ್ಲಿ ಓದಿ ಹೇಳಿ, ಅದೇ ದಿನ ಸಹಿ ಮಾಡಬೇಕು ಎಂಬುದು ನಿಯಮ. ಭಾಷಣ ಮುಗಿದ ಕೂಡಲೇ ಜನ ಎದ್ದು ಹೋಗುತ್ತಾರೆ, ದಯವಿಟ್ಟು ಆ ಓದು ಮುಗಿಯುವವರೆಗೆ ಕೂರಿ.

ಪ್ರಶ್ನೆ:
ವರದಿ ಸಾವಿರಾರು ಪುಟ ಇರುತ್ತದೆ. ಮೀನುಗಾರಿಕೆ ಸಂಘದವರು ಎಲ್ಲಿಂದ ಓದಬೇಕು?

ಉತ್ತರ (ಕರಾವಳಿ ಎಂಜಿನಿಯರ್):
ಅನುಬಂಧಗಳಿಂದ. ಮೊದಲು ದಂಡೆಯ ಬದಲಾವಣೆಯ ಮಾಡೆಲ್ ನೋಡಿ. ಅಲೆಯ ಜೊತೆ ಮರಳು ದಂಡೆಗುಂಟ ಸಾಗುತ್ತಿರುತ್ತದೆ. ಬ್ರೇಕ್‌ವಾಟರ್ (ಅಲೆ ತಡೆಯುವ ಗೋಡೆ) ಕಟ್ಟಿದರೆ ಒಂದು ಮಗ್ಗುಲಲ್ಲಿ ಮರಳು ನಿಲ್ಲುತ್ತದೆ, ಇನ್ನೊಂದು ಮಗ್ಗುಲಿಗೆ ಬರುವ ಮರಳು ತಪ್ಪಿ ಕಡಲ್ಕೊರೆತ ಶುರುವಾಗುತ್ತದೆ. ವಾಢವಣ್‌ನ ಬ್ರೇಕ್‌ವಾಟರ್ 10.14 ಕಿಲೋಮೀಟರ್. ವರದಿಗಳಲ್ಲಿ ಸಾಮಾನ್ಯವಾಗಿ ‘ನಿವ್ವಳ ಮರಳು ಚಲನೆ ಕಡಿಮೆ’ ಎಂದಿರುತ್ತದೆ. ಇಲ್ಲೇ ಎಚ್ಚರ ಬೇಕು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಋತು ಬದಲಾದಂತೆ ಮರಳಿನ ದಿಕ್ಕೂ ಬದಲಾಗುತ್ತದೆ. ತೆಂಕಿಗೆ ಹೋದದ್ದರಲ್ಲಿ ಬಡಗಿಗೆ ಬಂದದ್ದನ್ನು ಕಳೆದರೆ ಉಳಿಯುವುದು ಸಣ್ಣ ಸಂಖ್ಯೆ, ಆದರೆ ಗೋಡೆ ತಡೆಯುವುದು ಎರಡನ್ನೂ. ತಿಂಗಳುವಾರು ಲೆಕ್ಕ, ಎರಡೂ ದಿಕ್ಕಿನದು ಬೇರೆ ಬೇರೆಯಾಗಿ ಕೇಳಿ. ಅಲೆಯ ಅಳತೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಇದೆಯೋ ಇಲ್ಲವೋ ಪರೀಕ್ಷಿಸಿ. ಜಾಗವು ಕಡಿಮೆ ಅಥವಾ ಮಧ್ಯಮ ಕೊರೆತದ ಪಟ್ಟಿಯಲ್ಲಿದ್ದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದಂತೆ ಕ್ಷಿಪ್ರ ಅಧ್ಯಯನ ಸಾಲದು, ಸಂಚಿತ ಪರಿಣಾಮವೂ (ಸುತ್ತಲಿನ ಯೋಜನೆಗಳದೂ ಕೂಡಿದ್ದು) ಸೇರಿದ ಸಮಗ್ರ ಅಧ್ಯಯನ ಬೇಕು.

ಎರಡನೆಯದು ಹೂಳು. 10 ಕಿಲೋಮೀಟರ್ ಉದ್ದ, 200 ಮೀಟರ್ ಅಗಲದ ಹಡಗು ದಾರಿಯನ್ನು 2 ಮೀಟರ್ ಆಳ ಮಾಡಿದರೆ 40 ಲಕ್ಷ ಘನ ಮೀಟರ್, ಇಳಿಜಾರು ಬದಿಗಳ ಲೆಕ್ಕ ಬೇರೆ. ಅದನ್ನು ಎಲ್ಲಿ ಸುರಿಯುತ್ತಾರೆ, ಅಲ್ಲಿ ಯಾವ ಮೀನಿನ ಜಾಗ ಇದೆ, ಭರತದ ಹೊತ್ತಿಗೆ ಕೆಸರು ಯಾವ ಕಡೆ ಹರಡುತ್ತದೆ ಎಂಬುದು ನಕ್ಷೆಯಲ್ಲಿ ಇರಲೇಬೇಕು. ಒಮ್ಮೆ ತೆಗೆದರೆ ಮುಗಿಯುವುದಿಲ್ಲ. ಪಣಂಬೂರಿನ ಬಂದರಿನಲ್ಲೂ ಮಳೆಗಾಲ ಕಳೆದ ಮೇಲೆ ಹೂಳೆತ್ತುವುದು ವರ್ಷವರ್ಷದ ಕೆಲಸ.

ವಾಢವಣ್‌ನಲ್ಲಿ 1,448 ಹೆಕ್ಟೇರ್ ಕಡಲು ತುಂಬಿಸುವ ಯೋಜನೆ ಇದೆ. ಸರಾಸರಿ 1 ಮೀಟರ್ ತುಂಬಿಸಿದರೂ 1.45 ಕೋಟಿ ಘನ ಮೀಟರ್ ಆಗುತ್ತದೆ. ಮರಳು ತೆಗೆಯುವುದು ದಮನ್ ಕಡೆಯ ಸಮುದ್ರದಿಂದ. ಮರಳು ತೆಗೆಯುವ ಜಾಗದ ಪರಿಣಾಮವನ್ನೂ ಬಂದರಿನ ವರದಿಯೊಳಗೇ ತೂಗಿ ನೋಡಬೇಕು. ಎಷ್ಟೋ ಆಕ್ಷೇಪಣೆಗಳಲ್ಲಿ ಈ ಅಂಶವೇ ಬಿಟ್ಟುಹೋಗುತ್ತದೆ.

ಪ್ರಶ್ನೆ:
ಮೇಡಂ/ಸರ್, ಸಮೀಕ್ಷೆಯಲ್ಲಿ ನಾಡದೋಣಿಗಳು, ಮೀನು ಒಣಗಿಸುವ ಹೆಂಗಸರು ಲೆಕ್ಕಕ್ಕೇ ಬಾರದಿದ್ದರೆ?

ಉತ್ತರ (ಪರಿಸರ ಸಲಹೆಗಾರರು):
ಹಾಗಾದರೆ ಪರಿಹಾರದ ಪಟ್ಟಿಯಲ್ಲೂ ಅವರು ಇರುವುದಿಲ್ಲ. ಸಭೆಗೆ ಮೊದಲೇ ದೋಣಿ ನೋಂದಣಿ, ಸೊಸೈಟಿ ಸದಸ್ಯತ್ವ ಇವುಗಳ ಪ್ರತಿ ಜೋಡಿಸಿ. ರಂಪಣಿ ಬಲೆ ಎಳೆಯುವ ದಂಡೆ, ಮೀನು ಒಣಗಿಸುವ ಮರಳು, ದೋಣಿ ಇಳಿಸುವ ದಾರಿಯನ್ನು ಮೊಬೈಲ್ ಜಿಪಿಎಸ್‌ನಲ್ಲಿ ಗುರುತಿಸಿ, ಯಾವ ತಿಂಗಳು ಬಳಕೆ ಎಂದು ಬರೆಯಿರಿ. ಅದನ್ನು 1:4000 ಅಳತೆಯ ಸಿಆರ್‌ಝಡ್ ನಕ್ಷೆಯ ಜೊತೆ ಹೋಲಿಸಿ. ಅದರಲ್ಲಿ ಭರತ ರೇಖೆ, ಇಳಿತ ರೇಖೆ, ಬಂದರಿನ ವಿನ್ಯಾಸ ಮೂರೂ ಇರಬೇಕು. ಒಂದು ಪ್ರತಿಯನ್ನು ರಾಜ್ಯದ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೂ ಕಳಿಸಿ. ಸಿಆರ್‌ಝಡ್ ಶಿಫಾರಸು ಅಲ್ಲಿಂದಲೇ ಹೋಗುವುದು.

ಪ್ರಶ್ನೆ:
ಕಂಟೇನರ್ ಬಂದರು ಎಂದರೆ ಕಲ್ಲಿದ್ದಲಿನ ದೂಳು ಇಲ್ಲ, ಹಾಗಾಗಿ ಹಾನಿ ಕಡಿಮೆ ಎನ್ನುತ್ತಾರಲ್ಲ?

ಉತ್ತರ (ಕರಾವಳಿ ಎಂಜಿನಿಯರ್):
ದೂಳು ಕಡಿಮೆ ನಿಜ, ಭಾರ ರಸ್ತೆಗೆ ಬೀಳುತ್ತದೆ. ವರ್ಷಕ್ಕೆ 10 ಲಕ್ಷ ಟಿಇಯು (20 ಅಡಿಯ ಒಂದು ಕಂಟೇನರ್ ಒಂದು ಟಿಇಯು) ಅಂದರೆ ದಿನಕ್ಕೆ ಸುಮಾರು 2,740. ಎಲ್ಲವೂ ರಸ್ತೆಯಲ್ಲೇ ಹೋದರೆ, ಟ್ರೇಲರ್‌ಗೆ ಎರಡರಂತೆ, ದಿನಕ್ಕೆ 1,370 ಟ್ರಿಪ್, ಖಾಲಿ ಓಡಾಟ ಬಿಟ್ಟು. ವಾಢವಣ್‌ನ ಗುರಿ ವರ್ಷಕ್ಕೆ 2.32 ಕೋಟಿ ಟಿಇಯು. ರೈಲಿಗೆ ಎಷ್ಟು ಪಾಲು, ಹಳಿ ಯಾವ ವರ್ಷ ಸಿದ್ಧವಾಗುತ್ತದೆ ಎಂದು ಕೇಳಿ. ರಸ್ತೆ, ರೈಲು ಮಾರ್ಗದ ಜಮೀನನ್ನು ‘ಬೇರೆ ಯೋಜನೆ’ ಎಂದು ವರದಿಯಿಂದ ಹೊರಗಿಟ್ಟಿದ್ದರೆ ಅದನ್ನೇ ಪ್ರತ್ಯೇಕ ಆಕ್ಷೇಪಣೆಯಾಗಿ ಬರೆಯಿರಿ.

ಪ್ರಶ್ನೆ:
ಅನುಮತಿ ಸಿಕ್ಕೇಬಿಟ್ಟರೆ?

ಉತ್ತರ (ಪರಿಸರ ಸಲಹೆಗಾರರು):
ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು 30 ದಿನ. ಸಕಾರಣ ಇದ್ದರೆ ಇನ್ನು 60 ದಿನ, ಅದರಾಚೆ ಬಾಗಿಲು ಮುಚ್ಚಿತು. ಕರ್ನಾಟಕಕ್ಕೆ ಚೆನ್ನೈ ಪೀಠ. ಪತ್ರಿಕೆಯಲ್ಲಿ ಪ್ರಕಟಣೆ ಕಂಡ ದಿನದಿಂದ ಎಣಿಸಿದರಾಯಿತು ಎಂದು ಕೂರಬೇಡಿ, ಪರಿವೇಶ್‌ಗೆ ಏರಿದ ದಿನವನ್ನೇ ಲೆಕ್ಕಕ್ಕೆ ಹಿಡಿಯಿರಿ. ಆಮೇಲೆ ಪ್ರತಿ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ವರದಿ ಸಲ್ಲಿಕೆಯಾಗಬೇಕು. ಅದರಲ್ಲಿರುವ ದಂಡೆಯ ಅಳತೆಗೆ ಹೋಲಿಸಲು ನಿಮ್ಮದೇ ಫೋಟೊಗಳಿರಲಿ, ಒಂದೇ ಗುರುತುಕಲ್ಲಿನಿಂದ, ಒಂದೇ ಇಳಿತದ ಹೊತ್ತಿಗೆ ತೆಗೆದವು. ಕೆಲಸ ಶುರುವಾಗುವ ಮೊದಲಿನ ಒಂದು ಮಳೆಗಾಲವೂ ಅದರಲ್ಲಿ ಇರಬೇಕು.