10 ಗುಂಟೆಯಲ್ಲಿ ವಾರವಾರ ಸಂತೆಗೆ ತರಕಾರಿ: ಬಿತ್ತನೆ ಹೇಗೆ ಹೊಂದಿಸುವುದು?

ಗದ್ದೆಬೈಲು:
ಅಂಕೋಲಾ ಕಡೆ, ಹಳ್ಳದ ಬದಿಗೆ 10 ಗುಂಟೆ ಹೊಯಿಗೆ (ಮರಳು) ಮಣ್ಣಿನ ಗದ್ದೆ. ಭತ್ತ ಕೊಯ್ದ ಮೇಲೆ ಮೇ ತನಕ ಖಾಲಿ. ಒಂದು ತೆರೆದ ಬಾವಿ ಇದೆ, ಮಾರ್ಚ್ ದಾಟಿದರೆ ನೀರು ಉಪ್ಪಾಗುತ್ತದೆ. ಕಾರವಾರದ ಭಾನುವಾರದ ಸಂತೆಗೆ ಒಂದು ವಾರವೂ ತಪ್ಪದೆ ಏನಾದರೂ ಒಯ್ಯಬೇಕು. ಯಾವುದು, ಎಷ್ಟು, ಯಾವಾಗ ಹಾಕಬೇಕು? ಟೊಮೇಟೊ ಆದೀತೇ?

ಹರಿವೆಮಡಿ:
ಟೊಮೇಟೊ ಬೇಡ. ನಮ್ಮ ಕರಾವಳಿಯ ಹುಳಿಮಣ್ಣಿನಲ್ಲಿ ಸೊರಗು ರೋಗ ಬಿಡುವುದಿಲ್ಲ. ಹುಬ್ಬಳ್ಳಿ, ಬೆಳಗಾವಿಯಿಂದ ಘಟ್ಟ ಇಳಿದು ಬರುವ ಮಾಲಿನ ದರಕ್ಕೆ 10 ಗುಂಟೆಯವರು ಸರಿಗಟ್ಟಲೂ ಆಗದು. ಲಾರಿಯಲ್ಲಿ ಬಂದರೆ ಬಾಡಿಹೋಗುವಂಥದ್ದನ್ನೇ ಬೆಳೆಯಿರಿ. ಸಣ್ಣ ಹಿಡುವಳಿಗೆ ಸಂತೆಯಲ್ಲಿ ಗಟ್ಟಿ ಜಾಗ ಇರುವುದು ಅಲ್ಲೇ.

ಮೊದಲು ಹರಿವೆ. 4 ಅಡಿ ಅಗಲ, 20 ಅಡಿ ಉದ್ದದ ಮಡಿ, ಮಡಿಗೆ 15 ಕೆಜಿ ಕಳಿತ ಸಗಣಿ ಗೊಬ್ಬರ, 2 ಗ್ರಾಂ ಬೀಜ. ಬೀಜಕ್ಕೆ ಹತ್ತು ಪಟ್ಟು ಒಣ ಹೊಯಿಗೆ ಬೆರೆಸಿ ಎರಚಿ, ಇಲ್ಲದಿದ್ದರೆ ಒಂದೇ ಕಡೆ ಗುಪ್ಪೆಯಾಗುತ್ತದೆ. ಒಂದು ಹಿಡಿ ರವೆಯನ್ನೂ ಸೇರಿಸಿ: ಇರುವೆ ರವೆ ಹೊತ್ತೊಯ್ಯುತ್ತದೆ, ಬೀಜ ಉಳಿಯುತ್ತದೆ. ಪ್ರತಿ ವಾರ ಮೂರು ಮಡಿ ಬಿತ್ತಿ. ಕೀಳಲು 28 ರಿಂದ 30 ದಿನ ಬೇಕು, ಡಿಸೆಂಬರ್ ಚಳಿಯಲ್ಲಿ 35. ಹಾಗಾಗಿ 15 ಮಡಿ ಯಾವಾಗಲೂ ಚಾಲ್ತಿಯಲ್ಲಿರಬೇಕು, ಕಾಲುದಾರಿ ಸೇರಿ ಒಂದೂವರೆ ಗುಂಟೆ. ಸಂಜೆ ಎಲೆಯ ಮೇಲೆ ನೀರು ಹೊಯ್ಯಬೇಡಿ. ರಾತ್ರಿಯಿಡೀ ಎಲೆ ಒದ್ದೆಯಿದ್ದರೆ ಅಡಿಭಾಗದಲ್ಲಿ ಬಿಳಿ ತುಕ್ಕು ಏಳುತ್ತದೆ, ಆ ಕಟ್ಟನ್ನು ಯಾರೂ ಮುಟ್ಟುವುದಿಲ್ಲ.

ಬಸಳೆಚಪ್ಪರ:
ಹರಿವೆ ಜೊತೆಗೆ ಬಸಳೆ 2 ಗುಂಟೆ. ಮೂರ್ನಾಲ್ಕು ಗೆಣ್ಣಿನ ಬಲಿತ ಬಳ್ಳಿ ತುಂಡು, ಎರಡು ಗೆಣ್ಣು ಮಣ್ಣೊಳಗೆ. ಮೊದಲ ಕೊಯ್ಲಿಗೆ ಎರಡು ತಿಂಗಳು, ಆಮೇಲೆ ಹದಿನೈದು ದಿನಕ್ಕೊಮ್ಮೆ. ಚಪ್ಪರವನ್ನು ಎರಡು ಭಾಗ ಮಾಡಿ ಒಂದು ವಾರ ಇದು, ಇನ್ನೊಂದು ವಾರ ಅದು ಎಂದು ಕೊಯ್ಯಿರಿ.

ಮೊಗೆಕಾಯಿಗೆ, ಅಂದರೆ ಮಂಗಳೂರು ಸೌತೆಗೆ, 4 ಗುಂಟೆ ಇಡಿ. ಗುಂಡಿಯಿಂದ ಗುಂಡಿಗೆ ಒಂದೂವರೆ ಮೀಟರ್, ಸಾಲಿನ ನಡುವೆ ಎರಡು ಮೀಟರ್, ಗುಂಡಿಗೆ ನಾಲ್ಕು ಬೀಜ ಹಾಕಿ ಎರಡು ಸಸಿ ಉಳಿಸಿ. ಅರ್ಧ ಡಿಸೆಂಬರ್‌ನಲ್ಲಿ, ಅರ್ಧ ಜನವರಿಯಲ್ಲಿ. ಹಣ್ಣುನೊಣಕ್ಕೆ ಕ್ಯೂ ಲ್ಯೂರ್ ಎಂಬ ವಾಸನೆಯಿಂದ ನೊಣ ಸೆಳೆಯುವ ಬಲೆಯನ್ನೇ ಕೇಳಿ. ಮಾವಿಗೆ ಇಡುವ ಮಿಥೈಲ್ ಯುಜಿನಾಲ್ ಬಲೆಗೆ ಮೊಗೆಯ ನೊಣ ಬೀಳುವುದಿಲ್ಲ, ಇದನ್ನು ತಿಳಿಯದೆ ಎಷ್ಟೋ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಬಲೆಗೆ ಬೀಳುವುದು ಗಂಡುನೊಣ ಮಾತ್ರ. ಚುಚ್ಚಿದ ಕಾಯಿಯನ್ನು ಹೆಕ್ಕಿ ಎರಡು ಅಡಿ ಆಳದಲ್ಲಿ ಹುಗಿಯದಿದ್ದರೆ ಬಲೆ ಇಟ್ಟೂ ಪ್ರಯೋಜನವಿಲ್ಲ.

ಬಲಿತ ಕಾಯಿಯನ್ನು ಒಂದಿಂಚು ತೊಟ್ಟು ಬಿಟ್ಟು ಕೊಯ್ದು, ತೊಳೆಯದೆ, ಬಾಳೆನಾರಿನಲ್ಲಿ ಹೆಣೆದು ಮಾಡಿನ ಜಂತಿಗೆ ತೂಗುಹಾಕಿ. ಒಂದಕ್ಕೊಂದು ತಾಗಬಾರದು. ಮಳೆಗಾಲದ ತನಕ ಇರುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತ್ತಲ್ಲ, ಅಂಥ ದಿನಗಳಲ್ಲಿ ಊರಿನ ಹುಳಿಗೆ ಜಂತಿಯ ಮೊಗೆಕಾಯಿ ಎಷ್ಟು ದೊಡ್ಡ ಆಧಾರ ಎಂದು ಯೋಚಿಸಿ.

ಗದ್ದೆಬೈಲು:
ಬೆಂಡೆ? ಈರುಳ್ಳಿ?

ಸಿಹಿನೀರು:
ಬೆಂಡೆಯನ್ನು ದಿನ ಬಿಟ್ಟು ದಿನ ಕೊಯ್ಯಲೇಬೇಕು, ವಾರ ಬಿಟ್ಟರೆ ನಾರು. ಹತ್ತಿರದಲ್ಲಿ ದಿನವೂ ಕೊಳ್ಳುವ ಅಂಗಡಿಯೋ ಖಾನಾವಳಿಯೋ ಇದ್ದರೆ ಮಾತ್ರ ಹಾಕಿ. ಅಲಸಂದೆಗೂ ಇದೇ ಮಾತು.

ಕುಮಟಾದ ಸಿಹಿ ಈರುಳ್ಳಿಗೆ ಹೆದ್ದಾರಿ ಬದಿಯಲ್ಲಿ ಒಳ್ಳೆಯ ಬೇಡಿಕೆ, ಆದರೆ ಈರುಳ್ಳಿ ಉಪ್ಪು ತಡೆಯುವುದಿಲ್ಲ. ನೀರಿನ ಇಸಿ (ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆಯ ಅಳತೆ) ಮೀಟರಿಗೆ 0.8 ಡೆಸಿಸೀಮನ್ಸ್ ದಾಟಿದರೆ ಗಡ್ಡೆ ಸಣ್ಣದಾಗತೊಡಗುತ್ತದೆ. ಫೆಬ್ರವರಿಯಿಂದ ವಾರಕ್ಕೊಮ್ಮೆ ಅಳೆಯಿರಿ.

ಬಾವಿಯಲ್ಲಿ ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ನಿಂತಿರುತ್ತದೆ. ಪಂಪಿನ ಫುಟ್‌ವಾಲ್ವ್ (ನೀರೆಳೆಯುವ ಪೈಪಿನ ತುದಿ) ತಳಕ್ಕೆ ಬಿಟ್ಟು ಎರಡು ಗಂಟೆ ಒಂದೇ ಸಮನೆ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ವಾಲ್ವನ್ನು ನೀರಿನ ಮಟ್ಟದಿಂದ ಎರಡೇ ಅಡಿ ಕೆಳಗಿಡಿ. ಬೆಳಿಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸು, ಅದೂ ಬುಡಕ್ಕೆ ಮಾತ್ರ. ಮೇಲೆ ಭತ್ತದ ಹುಲ್ಲು ಮುಚ್ಚಿ.

ಹರಿವೆಮಡಿ:
ಒಯ್ಯುವ ವಿಷಯ ಬಿಟ್ಟುಹೋಯಿತು. ಹರಿವೆಯನ್ನು ಶನಿವಾರ ಬಿಸಿಲು ಇಳಿದ ಮೇಲೆ ಕಿತ್ತು, ಬೇರಿನ ಮಣ್ಣು ತೊಳೆದು, ಬಾಳೆನಾರಿನಲ್ಲಿ ಸಡಿಲವಾಗಿ ಕಟ್ಟಿ, ಒದ್ದೆ ಗೋಣಿಯ ಮೇಲೆ ನಿಲ್ಲಿಸಿಡಿ. ಒಂದರ ಮೇಲೊಂದು ಪೇರಿಸಿದರೆ ನಡುವಿನ ಕಟ್ಟು ಕಾವು ಏರಿ ಬೆಳಗಾಗುವಷ್ಟರಲ್ಲಿ ಹಳದಿ.